ಬ್ರಿಕ್ ಲೇನಿನ ನೆರಳು ಗಡಿಯಾರ



ನಾನು ಅಕ್ಕಲಕೋಟ ತಾಲೂಕಿನವನು. ಮ್ಯಾಟ್ರಿಕ್ ಪಾಸಾಗಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದೆ, ಗುಮಾಸ್ತನಾಗಿಯೇ ನಿವೃತ್ತನಾದೆ. ಇತಿಹಾಸದ ಪಂಡಿತನಲ್ಲ. ಆದರೆ ಮೂವತ್ತೆಂಟು ವರ್ಷ ಲೆಡ್ಜರ್ ಬರೆದವನಿಗೆ ಒಂದು ಚಟ ಉಳಿದುಬಿಡುತ್ತದೆ. ಯಾವುದನ್ನು ಕಂಡರೂ ಇದರ ಖಾತೆ ಎಂದು ತೆರೆದದ್ದು, ಯಾರ ಹೆಸರಿನಿಂದ ಯಾರ ಹೆಸರಿಗೆ ಹೋಯಿತು, ಈಗ ಬಾಕಿ ಎಷ್ಟು ಎಂದು ಕೇಳುವ ಚಟ. ಇವತ್ತು ನಾನು ನಿಮಗೆ ಹೇಳಹೊರಟಿರುವುದು ಅಂಥ ಒಂದು ಖಾತೆಯ ಕಥೆ. ಅದು ಇರುವುದು ಸೀಮೋಲ್ಲಂಘನ ಮಾಡಿ, ಏಳು ಸಮುದ್ರ ದಾಟಿದ ಲಂಡನ್ ಪಟ್ಟಣದಲ್ಲಿ. ಆದರೂ ಅದು ನಮಗೆ, ಅಂದರೆ ಮನೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು ಭಾಷೆ ಆಡುವ ಗಡಿ ಹಳ್ಳಿಗಳವರಿಗೆ, ಸಂಬಂಧಪಟ್ಟದ್ದು ಎಂದು ನನಗೆ ತೋರಿದೆ.

ನನ್ನ ಮಗ ಲಂಡನ್ನಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. 2023ರ ಬೇಸಿಗೆಯಲ್ಲಿ ಐದು ತಿಂಗಳು ನಾನು ಅವನ ಮನೆಯಲ್ಲಿದ್ದೆ. ಮಗ ಸೊಸೆ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ, ಮೊಮ್ಮಗ ಶಾಲೆಗೆ ಹೋದರೆ, ಆ ನಾಲ್ಕನೆಯ ಅಂತಸ್ತಿನ ಮನೆಯಲ್ಲಿ ನಾನು ಮತ್ತು ಗೋಡೆ ಗಡಿಯಾರ ಇಬ್ಬರೇ. ಅಂಗಳವಿಲ್ಲ, ಕಟ್ಟೆಯಿಲ್ಲ, ಮಾತಾಡಿಸುವವರಿಲ್ಲ. ಆದ್ದರಿಂದ ಟೋಪಿ ಹಾಕಿಕೊಂಡು ನಡೆಯಲು ಶುರುಮಾಡಿದೆ. ಮನೆ ಇದ್ದದ್ದು ಆಲ್ಡ್‌ಗೇಟ್ ಎಂಬ ಭಾಗದಲ್ಲಿ, ಪಟ್ಟಣದ ಪೂರ್ವಕ್ಕೆ. ಪ್ರವಾಸಿಗರು ನೋಡುವ ಅರಮನೆ, ಸೇತುವೆಗಳನ್ನು ಮಗ ಎರಡು ಭಾನುವಾರಗಳಲ್ಲಿ ತೋರಿಸಿ ಮುಗಿಸಿದ್ದ. ನನಗೆ ಉಳಿದದ್ದು ಸುತ್ತಲಿನ ಓಣಿಗಳು. ನೋಡುತ್ತ ಹೋದಂತೆ, ಓಣಿಗಳಲ್ಲಿಯೇ ಹೆಚ್ಚಿನದು ಇದೆ ಎಂದು ತಿಳಿಯಿತು.

ಮೊದಲ ವಾರದಲ್ಲೇ ಒಂದು ಬೀದಿಯ ಫಲಕ ನನ್ನನ್ನು ನಿಲ್ಲಿಸಿತು. ಮೇಲೆ ಇಂಗ್ಲಿಷ್ ಅಕ್ಷರ, ಅದರ ಕೆಳಗೆ ಬಂಗಾಳಿ ಅಕ್ಷರ. ರಾಣಿ ವಿಕ್ಟೋರಿಯಾಳ ಪಟ್ಟಣದಲ್ಲಿ ಬೀದಿಯ ಹೆಸರು ಎರಡು ಲಿಪಿಯಲ್ಲಿ! ನಮ್ಮಲ್ಲಿ ಒಂದು ಫಲಕದ ಮೇಲೆ ಎರಡನೆಯ ಲಿಪಿ ಬೇಕೆಂದರೆ ಎಷ್ಟು ಅರ್ಜಿ, ಎಷ್ಟು ಸಭೆ, ಎಷ್ಟು ಡಾಂಬರು ಎಂಬುದು ನಿಮಗೆ ಗೊತ್ತೇ ಇದೆ. ಆ ಬೀದಿಯ ಹೆಸರು ಬ್ರಿಕ್ ಲೇನ್, ಅಂದರೆ ಇಟ್ಟಿಗೆ ಓಣಿ. ಹಿಂದೆ ಅಲ್ಲಿನ ಜೇಡಿಮಣ್ಣು ತೆಗೆದು ಇಟ್ಟಿಗೆ, ಹಂಚು ಸುಡುತ್ತಿದ್ದರಂತೆ. ಆ ಇಡೀ ಪ್ರದೇಶಕ್ಕೆ ಸ್ಪಿಟಲ್‌ಫೀಲ್ಡ್ಸ್ ಎಂದು ಹೆಸರು. 1197ರಲ್ಲಿ ಅಲ್ಲಿ ಸಂತ ಮೇರಿಯ ಹೆಸರಿನಲ್ಲಿ ಒಂದು ಧರ್ಮಾಸ್ಪತ್ರೆ ಕಟ್ಟಿದ್ದರು. ಆ ಆಸ್ಪತ್ರೆಯ ಹೊಲಗಳು ಎಂಬುದೇ ಸ್ಪಿಟಲ್‌ಫೀಲ್ಡ್ಸ್. ಆಸ್ಪತ್ರೆ ಹೋಗಿ ಶತಮಾನಗಳಾದವು, ಹೊಲವೂ ಹೋಯಿತು, ಹೆಸರು ಮಾತ್ರ ನಿಂತಿದೆ. ನಮ್ಮೂರಲ್ಲಿ ಬತ್ತಿಹೋದ ಬಾವಿಯ ಹೆಸರಿನಲ್ಲಿ ಹೊಲ ಗುರುತಿಸುವುದಿಲ್ಲವೇ, ಹಾಗೆ.

ಬ್ರಿಕ್ ಲೇನಿಗೆ ಫೂರ್ನಿಯೇ ಬೀದಿ ಬಂದು ಕೂಡುವ ಮೂಲೆಯಲ್ಲಿ ಒಂದು ಹಳೆಯ ಇಟ್ಟಿಗೆ ಕಟ್ಟಡ ಇದೆ. ಅದು ಮಸೀದಿ. ಬಾಗಿಲ ಬದಿಯಲ್ಲಿ ಉಕ್ಕಿನ ಎತ್ತರದ ಕಂಬ ಇದೆ, ಅದು ಇತ್ತೀಚಿನದು. ಶುಕ್ರವಾರ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆದರೆ ಕಟ್ಟಡದ ಆಕಾರ ಮಸೀದಿಯದಲ್ಲ. ಗುಮ್ಮಟವಿಲ್ಲ, ಕಮಾನಿನ ಉದ್ದ ಕಿಟಕಿಗಳು. ಫೂರ್ನಿಯೇ ಬೀದಿಯ ಕಡೆಯ ಗೋಡೆಯಲ್ಲಿ, ಕತ್ತೆತ್ತಿ ನೋಡಿದರೆ ಮಾತ್ರ ಕಾಣುವಷ್ಟು ಎತ್ತರದಲ್ಲಿ, ಒಂದು ನೆರಳು ಗಡಿಯಾರ. ಸೂರ್ಯನ ಬಿಸಿಲಿಗೆ ಕಡ್ಡಿಯ ನೆರಳು ಬಿದ್ದು ಗಂಟೆ ತೋರಿಸುವಂಥದ್ದು. ಅದರ ಮೇಲೆ 1743 ಎಂಬ ಇಸವಿ, ಮತ್ತು ಎರಡೇ ಎರಡು ಲ್ಯಾಟಿನ್ ಮಾತು. ನಾವೂ ನೆರಳೇ ಎಂದು ಅದರ ಅರ್ಥವಂತೆ.

1743ರ ಮಸೀದಿಯೇ, ಅದಕ್ಕೆ ಲ್ಯಾಟಿನ್ ಬರಹವೇ? ನನ್ನೊಳಗಿನ ಗುಮಾಸ್ತ ಎಚ್ಚರಗೊಂಡ. ಖಾತೆ ಯಾರ ಹೆಸರಿನಲ್ಲಿ ತೆರೆದಿತ್ತು? ಮಗನ ಮನೆಯ ಹತ್ತಿರದ ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತು, ನನಗೆ ಬರುವಷ್ಟು ಬ್ಯಾಂಕ್ ಇಂಗ್ಲಿಷಿನಲ್ಲಿ ಓದಿ ತಿಳಿದುಕೊಂಡದ್ದನ್ನು ಹೇಳುತ್ತೇನೆ, ಕೇಳಿ.

ಆ ಕಟ್ಟಡವನ್ನು ಕಟ್ಟಿದವರು ಫ್ರಾನ್ಸಿನಿಂದ ಓಡಿಬಂದ ನೇಕಾರರು. ಅವರನ್ನು ಹ್ಯೂಗೆನಾಟರು ಎಂದು ಕರೆಯುತ್ತಾರೆ. ಫ್ರಾನ್ಸಿನ ಅರಸರು ಕ್ಯಾಥೊಲಿಕ್ ಕ್ರೈಸ್ತರು. ಇವರು ಪ್ರಾಟೆಸ್ಟಂಟ್ ಕ್ರೈಸ್ತರು. 1598ರಲ್ಲಿ ನಾಲ್ಕನೆಯ ಹೆನ್ರಿ ಎಂಬ ಅರಸ ನಾಂತ್ ಎಂಬ ಊರಿನಲ್ಲಿ ಒಂದು ಶಾಸನ ಹೊರಡಿಸಿ, ಇವರು ತಮ್ಮ ರೀತಿಯಲ್ಲಿ ಪ್ರಾರ್ಥನೆ ಮಾಡಿಕೊಂಡಿರಬಹುದು ಎಂದು ಅಭಯ ಕೊಟ್ಟಿದ್ದ. 1685ರಲ್ಲಿ ಅವನ ಮೊಮ್ಮಗ ಹದಿನಾಲ್ಕನೆಯ ಲೂಯಿ ಆ ಶಾಸನವನ್ನು ರದ್ದುಮಾಡಿದ. ಗುಡಿ ಕೆಡವಿದರು, ಪಾದ್ರಿಗಳನ್ನು ಗಡೀಪಾರು ಮಾಡಿದರು. ಸಾಮಾನ್ಯ ಜನ ಮಾತ್ರ ದೇಶ ಬಿಡುವಂತಿಲ್ಲ ಎಂದರು. ಆದರೂ ಜನ ರಾತ್ರೋರಾತ್ರಿ ಹಡಗುಗಳಲ್ಲಿ ಅಡಗಿ ಓಡಿದರು. ಇಂಗ್ಲೆಂಡಿಗೆ ಬಂದವರೇ ಸುಮಾರು 50,000 ಎಂದು ಅಂದಾಜು. ಇಂದು ನಾವು ಪತ್ರಿಕೆಯಲ್ಲಿ ದಿನಾ ಓದುವ ರೆಫ್ಯೂಜಿ ಎಂಬ ಇಂಗ್ಲಿಷ್ ಶಬ್ದ ಈ ಜನರಿಂದಲೇ, ಅವರ ಫ್ರೆಂಚ್ ಮಾತಿನಿಂದಲೇ ಬಂದದ್ದು.

ಅವರಲ್ಲಿ ಅನೇಕರು ಪಟ್ಟಣದ ಗೋಡೆಯ ಹೊರಗೆ, ಸ್ಪಿಟಲ್‌ಫೀಲ್ಡ್ಸಿನಲ್ಲಿ ನೆಲೆಸಿದರು. ಕೈಯಲ್ಲಿ ಹಣ ಇರಲಿಲ್ಲ, ರೇಷ್ಮೆ ನೇಯುವ ವಿದ್ಯೆ ಇತ್ತು. 1720ರ ಸುಮಾರಿಗೆ ಅವರಲ್ಲಿ ಉಳ್ಳವರು ಕಟ್ಟಿಸಿದ ಮನೆಗಳು ಫೂರ್ನಿಯೇ ಬೀದಿ, ಪ್ರಿನ್ಸ್‌ಲೆಟ್ ಬೀದಿಗಳಲ್ಲಿ ಇಂದಿಗೂ ಇವೆ. ಆ ಮನೆಗಳ ಮಾಳಿಗೆಯನ್ನು ನೋಡಿದರೆ ಸಾಕು, ನೇಕಾರರ ಊರಿನವನಿಗೆ ಬೇರೆ ಸಾಕ್ಷಿ ಬೇಡ. ತೀರ ಮೇಲಿನ ಅಂತಸ್ತಿನಲ್ಲಿ ಗೋಡೆಯ ಉದ್ದಕ್ಕೂ ಅಗಲವಾದ ಕಿಟಕಿಗಳು. ಯಾಕೆ? ಸಣ್ಣ ಎಳೆ ಕಾಣಬೇಕು, ಬಣ್ಣ ತಪ್ಪಬಾರದು, ಅದಕ್ಕೆ ಬೆಳಕು ಬೇಕು. ಸೊಲ್ಲಾಪುರದ ಪೂರ್ವಭಾಗದ ಓಣಿಗಳಲ್ಲಿ ಮಗ್ಗದ ಸದ್ದು ಕೇಳುತ್ತ ಬ್ಯಾಂಕಿಗೆ ಸೈಕಲ್ ತುಳಿದವನು ನಾನು. ಕೆಲವು ಮನೆಗಳ ಬಾಗಿಲ ಮೇಲೆ ನೆನಪಿಗಾಗಿ ಕಟ್ಟಿಗೆಯ ದೊಡ್ಡ ಕಂಡಿಕೆಯನ್ನು ತೂಗುಹಾಕಿದ್ದಾರೆ. ಅದನ್ನು ಕಂಡಾಗ, ಪರದೇಶದಲ್ಲಿ ಪರಿಚಯದವರೊಬ್ಬರು ಸಿಕ್ಕಂತಾಯಿತು.

ಆ ನೇಕಾರರು ಬರೀ ಲಾಳಿ ಎಸೆದು ಸುಮ್ಮನಿದ್ದವರಲ್ಲ. ಕೆಲಸದ ಕೋಣೆಯಲ್ಲಿ ಹಾಡುವ ಹಕ್ಕಿ ಸಾಕುತ್ತಿದ್ದರು. ಹೂವಿನ ಗಿಡದ ಶೋಕಿ ಅವರಿಗೆ. 1717ರಲ್ಲಿ ಸ್ಪಿಟಲ್‌ಫೀಲ್ಡ್ಸಿನಲ್ಲಿ ಒಂದು ಗಣಿತ ಸಂಘ ಶುರುವಾಯಿತು. ಅದರ ಸದಸ್ಯರಲ್ಲಿ ನೇಕಾರರೇ ಬಹಳ. ಒಬ್ಬ ಸದಸ್ಯ ಲೆಕ್ಕ ಕೇಳಿದರೆ, ಗೊತ್ತಿರುವ ಇನ್ನೊಬ್ಬ ಹೇಳಿಕೊಡಲೇಬೇಕು ಎಂಬುದು ಅವರ ನಿಯಮ. ಇಲ್ಲಿಯೇ 1706ರಲ್ಲಿ ಹ್ಯೂಗೆನಾಟ್ ನೇಕಾರನ ಮಗನಾಗಿ ಹುಟ್ಟಿದ ಜಾನ್ ಡಾಲಂಡ್ ಎಂಬಾತ ತಾನೂ ಮಗ್ಗದಲ್ಲಿ ಕುಳಿತವನು. ದೂರದರ್ಶಕದಲ್ಲಿ ನೋಡಿದಾಗ ನಕ್ಷತ್ರದ ಸುತ್ತ ಬಣ್ಣದ ಅಂಚು ಕಾಣುವ ದೋಷವನ್ನು ಎರಡು ಬಗೆಯ ಗಾಜು ಜೋಡಿಸಿ ಹೋಗಲಾಡಿಸಿದ. 1758ರಲ್ಲಿ ರಾಯಲ್ ಸೊಸೈಟಿ ಅವನಿಗೆ ಕಾಪ್ಲಿ ಪದಕ ಕೊಟ್ಟಿತು. ನೇಕಾರರ ಮನೆಯ ಬುದ್ಧಿ ಎಲ್ಲೆಲ್ಲಿ ಓಡುತ್ತದೆ ನೋಡಿ.

ನಮ್ಮ ದೇಶಕ್ಕೂ ಅವರಿಗೂ ಒಂದು ಹಳೆಯ ಜಗಳ ಇತ್ತು ಎಂದರೆ ನಿಮಗೆ ಸೋಜಿಗ ಆಗಬಹುದು. ಆ ಕಾಲಕ್ಕೆ ಈಸ್ಟ್ ಇಂಡಿಯಾ ಕಂಪನಿ ಭಾರತದಿಂದ ಬಣ್ಣದ ಅಚ್ಚಿನ ಹತ್ತಿ ಬಟ್ಟೆಯನ್ನು ಹಡಗುಗಟ್ಟಲೆ ಒಯ್ದು ಮಾರುತ್ತಿತ್ತು. ಕಲ್ಲಿಕೋಟೆಯ ಹೆಸರಿನಿಂದ ಅದಕ್ಕೆ ಕ್ಯಾಲಿಕೋ ಎಂದು ಹೆಸರು. ಹಗುರ, ಅಗ್ಗ, ತೊಳೆದರೂ ಬಣ್ಣ ಹೋಗದು. ಲಂಡನ್ನಿನ ಹೆಂಗಸರು ರೇಷ್ಮೆ, ಉಣ್ಣೆ ಬಿಟ್ಟು ಅದಕ್ಕೆ ಮುಗಿಬಿದ್ದರು. ಸ್ಪಿಟಲ್‌ಫೀಲ್ಡ್ಸಿನ ನೇಕಾರರ ಹೊಟ್ಟೆಗೆ ಕಲ್ಲು ಬಿತ್ತು. 1719ರಲ್ಲಿ ಅವರು ಗುಂಪುಕಟ್ಟಿ ಬೀದಿಗಿಳಿದು, ಕ್ಯಾಲಿಕೋ ಉಟ್ಟ ಹೆಂಗಸರ ಬಟ್ಟೆ ಹರಿದರು, ಶಾಯಿ, ಆಮ್ಲ ಎರಚಿದರು. 1700ರಲ್ಲಿ ಒಮ್ಮೆ, 1721ರಲ್ಲಿ ಮತ್ತೊಮ್ಮೆ ಪಾರ್ಲಿಮೆಂಟು ಕಾಯಿದೆ ಮಾಡಿ ಈ ಬಟ್ಟೆಯನ್ನು ತಡೆಯಿತು. ತಾವೇ ಅಟ್ಟಿಸಿಕೊಂಡು ಓಡಿಬಂದ ಜನರ ಮಕ್ಕಳೂ ಆ ಗುಂಪಿನ ನಡುವೆ ಇದ್ದ ಓಣಿಗಳು ಅವು. ಹಸಿವು ಬಂದಾಗ ನೆನಪು ಹಿಂದೆ ಬೀಳುತ್ತದೆ. ಆ ನೇಕಾರರ ಬಗ್ಗೆ ಮರುಕಪಡುವಾಗ ಈ ಮಾತನ್ನೂ ಮುಚ್ಚಿಡಬಾರದು.

ಇಂಥ ನೇಕಾರರು 1743ರಲ್ಲಿ ಮೂಲೆಯ ಆ ಗುಡಿಯನ್ನು ಕಟ್ಟಿದರು. ಫ್ರೆಂಚಿನಲ್ಲಿ ಅದರ ಹೆಸರಿನ ಅರ್ಥ ಹೊಸ ಇಗರ್ಜಿ. ಅಲ್ಲಿ ಪ್ರವಚನ ಫ್ರೆಂಚಿನಲ್ಲಿ, ಹಾಡು ಫ್ರೆಂಚಿನಲ್ಲಿ. ಈಗ ಖಾತೆಯ ಮುಂದಿನ ನೋಂದಣಿ ನೋಡಿ. 1809ಕ್ಕೆ ಆ ಕಟ್ಟಡ ಬೇರೆಯವರ ಕೈಗೆ ಬಾಡಿಗೆಗೆ ಹೋಯಿತು. ಲೆಕ್ಕ ಹಾಕಿದರೆ ಕೇವಲ 66 ವರ್ಷ. ಅಷ್ಟರೊಳಗೆ ಅಲ್ಲಿ ಫ್ರೆಂಚ್ ಪ್ರವಚನ ಕೇಳುವ ಜನ ಸಾಲದಾದರು.

ಯಾರಾದರೂ ಅವರ ಭಾಷೆಯನ್ನು ನಿಷೇಧಿಸಿದರೇ? ಇಲ್ಲ. ಪೊಲೀಸರು ಬಂದು ಗುಡಿಗೆ ಬೀಗ ಹಾಕಿದರೇ? ಇಲ್ಲ. ಫ್ರಾನ್ಸಿನ ಅರಸ ಕತ್ತಿ ಹಿಡಿದು ನಿಂತರೂ ಬಿಡದ ಪ್ರಾರ್ಥನೆಯನ್ನು ಅವರು ಲಂಡನ್ನಿನಲ್ಲಿ ಬಿಡಲಿಲ್ಲ. ಆ ಪ್ರಾರ್ಥನೆಯ ಭಾಷೆಯನ್ನು ಬಿಟ್ಟರು. ಓಡಿಬಂದ ಅಜ್ಜ ಫ್ರೆಂಚ್ ಬಿಟ್ಟು ಬೇರೆ ಅರಿಯ. ಅಪ್ಪ ಮನೆಯಲ್ಲಿ ಫ್ರೆಂಚ್, ಅಂಗಡಿಯಲ್ಲಿ ಇಂಗ್ಲಿಷ್. ಮೊಮ್ಮಗನಿಗೆ ಪ್ರವಚನ ತಿಳಿಯದೆ ಆಕಳಿಕೆ ಬಂತು; ಅವನು ಹತ್ತಿರದ ಇಂಗ್ಲಿಷ್ ಇಗರ್ಜಿಗೆ ಹೋದ. ಹೆಸರುಗಳೂ ತಿರುಗಿದವು. ಬಿಳಿ ಎಂಬ ಅರ್ಥದ ಬ್ಲಾಂಕ್ ಎಂಬ ಮನೆತನದವರು ವೈಟ್ ಆದರು, ಕಪ್ಪು ಎಂಬ ಅರ್ಥದ ಲನ್ವಾರ್ ಎಂಬವರು ಬ್ಲ್ಯಾಕ್ ಆದರು. ಹೊಸ ಊರಿನಲ್ಲಿ ಬದುಕಬೇಕಾದವರು ಮಾಡುವುದನ್ನೇ ಅವರು ಮಾಡಿದರು.

ಕಸುಬಿಗೂ ಅದೇ ಗತಿ ಬಂತು. 1773ರಲ್ಲಿ ಸ್ಪಿಟಲ್‌ಫೀಲ್ಡ್ಸ್ ನೇಕಾರರ ಕೂಲಿಯನ್ನು ನಿಗದಿ ಮಾಡುವ ಕಾಯಿದೆ ಬಂದಿತ್ತು. 1824ರಲ್ಲಿ ಅದನ್ನು ತೆಗೆದರು. 1860ರಲ್ಲಿ ಫ್ರಾನ್ಸಿನೊಡನೆ ವ್ಯಾಪಾರ ಒಪ್ಪಂದವಾಗಿ ಅಲ್ಲಿನ ರೇಷ್ಮೆ ಸುಂಕವಿಲ್ಲದೆ ಬರತೊಡಗಿತು. ಫ್ರಾನ್ಸಿನಿಂದ ವಿದ್ಯೆ ಹೊತ್ತು ಓಡಿಬಂದವರ ಮಕ್ಕಳನ್ನು ಫ್ರಾನ್ಸಿನ ರೇಷ್ಮೆಯೇ ಮುಳುಗಿಸಿತು. ಬೆಳಕಿಗಾಗಿ ಮಾಡಿದ ಅಗಲ ಕಿಟಕಿಯ ಕೆಳಗೆ ಬಡತನ ಬಂದು ಕುಳಿತಿತು.

ಇರಲಿ, ಕಟ್ಟಡದ ಖಾತೆಗೆ ಬರೋಣ. 1819ರಲ್ಲಿ ಅದು ಮೆಥಡಿಸ್ಟ್ ಎಂಬ ಇಂಗ್ಲಿಷ್ ಕ್ರೈಸ್ತರ ಗುಡಿಯಾಯಿತು. ಅಲ್ಲಿ ಇಂಗ್ಲಿಷ್ ಪ್ರಾರ್ಥನೆ ನಡೆಯಿತು. ಆಮೇಲೆ ರಷ್ಯದಲ್ಲಿ 1881ರಲ್ಲಿ ಅರಸ ಎರಡನೆಯ ಅಲೆಕ್ಸಾಂಡರನ ಕೊಲೆಯಾಯಿತು. ಅದರ ನೆಪದಿಂದ ಯೆಹೂದ್ಯರ ಮೇಲೆ ಊರೂರಲ್ಲಿ ದಾಳಿ ಆದವು. ಮನೆ ಸುಟ್ಟುಕೊಂಡವರು, ಹೊಟ್ಟೆಗಿಲ್ಲದವರು ಹಡಗು ಹತ್ತಿದರು. 1914ರ ಒಳಗೆ ಲಕ್ಷಕ್ಕಿಂತ ಹೆಚ್ಚು ಯೆಹೂದ್ಯರು ಇಂಗ್ಲೆಂಡಿಗೆ ಬಂದರು. ಬಂದರಿನ ಹತ್ತಿರದ ಅಗ್ಗದ ಬಾಡಿಗೆಯ ಓಣಿ ಎಂದರೆ ಇದೇ. ನೇಕಾರರು ಬಿಟ್ಟುಹೋದ ಅಟ್ಟಗಳಲ್ಲಿ ಈಗ ದರ್ಜಿಗಳು ಕುಳಿತರು. 1898ರಲ್ಲಿ ನಮ್ಮ ಮೂಲೆಯ ಕಟ್ಟಡ ಸಿನಗಾಗ್, ಅಂದರೆ ಯೆಹೂದ್ಯರ ಪ್ರಾರ್ಥನಾ ಮಂದಿರ ಆಯಿತು.

ಅವರ ಮನೆಮಾತು ಯಿಡ್ಡಿಷ್. ಅದನ್ನು ಹೀಬ್ರೂ ಅಕ್ಷರದಲ್ಲಿ ಬರೆಯುತ್ತಾರೆ. ಆ ಬೀದಿಗಳಲ್ಲಿ ಯಿಡ್ಡಿಷ್ ಪತ್ರಿಕೆ ಅಚ್ಚಾಗುತ್ತಿತ್ತು, ವೈಟ್‌ಚಾಪೆಲ್ ರಸ್ತೆಯ ರಂಗಮಂದಿರದಲ್ಲಿ ಯಿಡ್ಡಿಷ್ ನಾಟಕ ಆಡುತ್ತಿದ್ದರು. ಹತ್ತಿರದ ಬೆಲ್ ಲೇನಿನಲ್ಲಿ ಯೆಹೂದ್ಯರದೇ ಧರ್ಮಶಾಲೆ ಇತ್ತು. 1900ರ ಸುಮಾರಿಗೆ ಅಲ್ಲಿ 4000ಕ್ಕೂ ಹೆಚ್ಚು ಮಕ್ಕಳು ಓದುತ್ತಿದ್ದರು. ಆ ಶಾಲೆಯನ್ನು ನಡೆಸಿದವರು ಮೊದಲೇ ನೆಲೆಸಿದ್ದ ಶ್ರೀಮಂತ ಯೆಹೂದ್ಯರು. ಮಕ್ಕಳು ಬೇಗ ಇಂಗ್ಲಿಷರಂತಾಗಲಿ, ಯಿಡ್ಡಿಷ್ ಮರೆಯಲಿ ಎಂಬುದೇ ಅವರ ಆಸೆ. ಹೆತ್ತವರೂ ಅದನ್ನೇ ಬಯಸಿದರು. ಮಕ್ಕಳು ಓದಿ ಮುಂದೆ ಬಂದು, ಒಳ್ಳೆಯ ಬಡಾವಣೆಗಳಿಗೆ ಹೋದರು. ಮಂದಿರಕ್ಕೆ ಬರುವವರು ಕಡಿಮೆಯಾದರು. ಬೇಗಲ್ ಎಂಬ ಉಂಗುರದಂಥ ರೊಟ್ಟಿಯನ್ನು ಮಾತ್ರ ಬ್ರಿಕ್ ಲೇನಿನಲ್ಲಿ ಈಗಲೂ ಸುಡುತ್ತಾರೆ. ನಾನೂ ತಿಂದೆ, ಹಲ್ಲು ಗಟ್ಟಿ ಇರಬೇಕು.

ಪ್ರಿನ್ಸ್‌ಲೆಟ್ ಬೀದಿಯ 19ನೆಯ ನಂಬರಿನ ಮನೆಯ ಕಥೆಯನ್ನು ಇಲ್ಲಿ ಸೇರಿಸಲೇಬೇಕು. 1719ರಲ್ಲಿ ಕಟ್ಟಿದ ಆ ಮನೆಯಲ್ಲಿ ಓಜಿಯೇ ಎಂಬ ಹ್ಯೂಗೆನಾಟ್ ರೇಷ್ಮೆ ವ್ಯಾಪಾರಿಗಳಿದ್ದರು. 1869ರಲ್ಲಿ ಅದರ ಹಿತ್ತಲಲ್ಲಿ ಯೆಹೂದ್ಯರು ಪುಟ್ಟ ಮಂದಿರ ಕಟ್ಟಿಕೊಂಡರು. ಅಟ್ಟದ ಕೋಣೆಯಲ್ಲಿ ಡೇವಿಡ್ ರೊಡಿನ್‌ಸ್ಕಿ ಎಂಬ ಒಂಟಿ ಮನುಷ್ಯನಿದ್ದ. ಭಾಷೆಗಳ ಹುಚ್ಚು ಅವನಿಗೆ. 1960ರ ದಶಕದ ಕೊನೆಗೆ ಅವನು ಅಲ್ಲಿಂದ ಹೋದ, ಮರಳಲಿಲ್ಲ. ಹತ್ತು ವರ್ಷದ ನಂತರ ಬಾಗಿಲು ತೆರೆದಾಗ ಪುಸ್ತಕ, ನಿಘಂಟು, ಹಲವು ಲಿಪಿಗಳಲ್ಲಿ ಬರೆದ ಚೀಟಿಗಳು ಧೂಳಿನಡಿ ಇದ್ದಂತೆಯೇ ಇದ್ದವು. 1999ರಲ್ಲಿ ಅವನ ಬಗ್ಗೆ ಒಂದು ಪುಸ್ತಕವೇ ಬಂತು. ಮನೆ ಶಿಥಿಲವಾದ್ದರಿಂದ ಸದಾ ತೆರೆದಿರುವುದಿಲ್ಲ. ನಾನು ಬೀದಿಯಲ್ಲಿ ನಿಂತೇ ನೋಡಿದೆ. ಅಷ್ಟು ಭಾಷೆ ಅರಿತವನಿಗೆ ಕೊನೆಗೆ ಯಾವ ಭಾಷೆಯಲ್ಲಿಯೂ ಜೊತೆಗೆ ಮಾತಾಡುವವರು ಇರಲಿಲ್ಲವೇನೋ ಎಂದು ಅನ್ನಿಸಿತು.

1976ರಲ್ಲಿ ಮೂಲೆಯ ಕಟ್ಟಡ ಮಸೀದಿಯಾಯಿತು. ಈ ಸಲ ಬಂದವರು ಬಂಗಾಳಿಗಳು, ಅದರಲ್ಲೂ ಈಗಿನ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ಅವರ ಹಿರಿಯರು ಹಡಗುಗಳಲ್ಲಿ ಲಸ್ಕರರಾಗಿ, ಕಲ್ಲಿದ್ದಲು ತುಂಬುವವರಾಗಿ ಈ ಬಂದರಿಗೆ ಬರುತ್ತಿದ್ದರು. ಮುಂದೆ ಕುಟುಂಬಗಳು ಬಂದವು. ಮತ್ತೆ ಅದೇ ಓಣಿ, ಮತ್ತೆ ಬಟ್ಟೆಯ ಕೆಲಸ. ರೇಷ್ಮೆಯ ನಂತರ ಕೋಟು, ಕೋಟಿನ ನಂತರ ಚರ್ಮದ ಜಾಕೀಟು. ಮತ್ತೆ ಅದೇ ಹಗೆತನ. 1978ರ ಮೇ 4ರಂದು ಅಲ್ತಾಬ್ ಅಲಿ ಎಂಬ ಬಟ್ಟೆ ಕಾರ್ಖಾನೆಯ ತರುಣ ಕೂಲಿಕಾರ ಕೆಲಸ ಮುಗಿಸಿ ಮನೆಗೆ ಹೋಗುವಾಗ, ಅವನ ಮೈಬಣ್ಣದ ಕಾರಣಕ್ಕೆ ಅವನನ್ನು ಇರಿದು ಕೊಂದರು. ಹತ್ತು ದಿನಕ್ಕೆ ಸುಮಾರು 7000 ಜನ ಅವನ ಶವಪೆಟ್ಟಿಗೆಯ ಹಿಂದೆ ಪ್ರಧಾನಿಯ ಮನೆಯವರೆಗೆ ಮಳೆಯಲ್ಲಿ ನಡೆದರು.

ಅವನು ಬಿದ್ದ ಜಾಗದ ಹತ್ತಿರದ ಉದ್ಯಾನಕ್ಕೆ 1998ರಲ್ಲಿ ಅವನ ಹೆಸರಿಟ್ಟರು. ಆ ಉದ್ಯಾನ ಇರುವ ಜಾಗದಲ್ಲಿ ಹಿಂದೆ ಸುಣ್ಣ ಬಳಿದ ಬಿಳಿಯ ಇಗರ್ಜಿ ಇತ್ತು. ವೈಟ್‌ಚಾಪೆಲ್ ಎಂಬ ಊರ ಹೆಸರು ಅದರಿಂದಲೇ ಬಂದದ್ದು. ಎರಡನೆಯ ಮಹಾಯುದ್ಧದ ಬಾಂಬಿಗೆ ಅದು ಹಾಳಾಯಿತು. ಉದ್ಯಾನದ ಒಂದು ಮೂಲೆಯಲ್ಲಿ ನಾನು ಕಂಡದ್ದನ್ನು ಹೇಳಿದರೆ ನೀವು ನಂಬಲಿಕ್ಕಿಲ್ಲ. ಅದು ಭಾಷೆಯ ಸ್ಮಾರಕ. ನಡುವೆ ತಲೆಬಾಗಿದ ತಾಯಿಯಂಥ ಬಿಳಿಯ ಆಕಾರ, ಎರಡೂ ಬದಿಗೆ ಮಕ್ಕಳು, ಹಿಂದೆ ಕೆಂಪು ಸೂರ್ಯ. ಢಾಕಾದಲ್ಲಿರುವ ಶಹೀದ್ ಮಿನಾರದ ಮಾದರಿ. 1999ರಲ್ಲಿ ಇಲ್ಲಿ ನಿಲ್ಲಿಸಿದ್ದು. 1952ರ ಫೆಬ್ರವರಿ 21ರಂದು, ಬಂಗಾಳಿಗೂ ರಾಜ್ಯಭಾಷೆಯ ಸ್ಥಾನ ಬೇಕೆಂದು ಕೇಳಿದ ವಿದ್ಯಾರ್ಥಿಗಳ ಮೇಲೆ ಢಾಕಾದಲ್ಲಿ ಗುಂಡು ಹಾರಿತ್ತು. ಆ ದಿನವನ್ನು 1999ರಲ್ಲಿ ಯುನೆಸ್ಕೋ ಜಗತ್ತಿನ ಎಲ್ಲ ಮಾತೃಭಾಷೆಗಳ ದಿನ ಎಂದು ಸಾರಿತು. 2022ರಲ್ಲಿ ವೈಟ್‌ಚಾಪೆಲ್ ರೈಲು ನಿಲ್ದಾಣದ ಹೆಸರನ್ನೂ ಬಂಗಾಳಿಯಲ್ಲಿ ಬರೆದರು.

ನಾನು ಆ ಸ್ಮಾರಕದ ಎದುರಿನ ಬೆಂಚಿನ ಮೇಲೆ ಕುಳಿತು ಸಂತೋಷಪಟ್ಟೆ. ಅಷ್ಟರಲ್ಲಿ ಶಾಲೆ ಬಿಟ್ಟ ಮಕ್ಕಳು ಬಂದರು. ನೋಡಿದರೆ ಬಂಗಾಳಿ ಮಕ್ಕಳು. ಫಲಕದ ಮೇಲೆ, ನಿಲ್ದಾಣದ ಮೇಲೆ ಅವರ ಅಜ್ಜಂದಿರ ಅಕ್ಷರ. ಆದರೆ ಅವರು ತಮ್ಮತಮ್ಮೊಳಗೆ ಆಡಿದ್ದು ಇಂಗ್ಲಿಷ್. ಒಬ್ಬ ಅಜ್ಜಿ ಬಂಗಾಳಿಯಲ್ಲಿ ಕೂಗಿ ಕರೆದಳು. ಹುಡುಗ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ. ನನಗೆ ಬೇಗಲ್ ರೊಟ್ಟಿಯ ಅಂಗಡಿ ನೆನಪಾಯಿತು, ಗೋಡೆಯ ಮೇಲಿನ ಗಡಿಯಾರ ನೆನಪಾಯಿತು. ಅಷ್ಟೇ ಅಲ್ಲ, ನನ್ನ ಮನೆ ನೆನಪಾಯಿತು. ನನ್ನ ಮೊಮ್ಮಗನೂ ನನಗೆ ಹಾಗೆಯೇ ಉತ್ತರ ಕೊಡುತ್ತಾನೆ.

ಬಾಂಧವರೇ, ಇಲ್ಲಿ ಬ್ಯಾಂಕಿನ ಒಂದು ಮಾತು ಹೇಳುತ್ತೇನೆ. ಖಾತೆದಾರರ ಸಹಿ ಗುರುತಿಸಲು ನಮ್ಮಲ್ಲಿ ಮಾದರಿ ಸಹಿಯ ಕಾರ್ಡುಗಳಿದ್ದವು. ಕಂಪ್ಯೂಟರು ಬಂದಾಗ ಆ ಹಳೆಯ ಕಾರ್ಡುಗಳನ್ನು ಒಂದೊಂದಾಗಿ ತೆಗೆದು ನೋಡುವ ಕೆಲಸ ನನಗೆ ಬಂತು. ಒಂದು ಒಕ್ಕಲುತನದ ಮನೆಯ ಕಾರ್ಡು ಈಗಲೂ ಕಣ್ಣ ಮುಂದಿದೆ. ಮೇಲೆ ಅಜ್ಜನ ಸಹಿ, ಕನ್ನಡದಲ್ಲಿ. ದುಂಡಗೆ, ಬರೆಯಲು ಬಹಳ ಹೊತ್ತು ಹಿಡಿದಂಥ ಅಕ್ಷರ. ಕೆಳಗೆ ಮಗನದು ಮರಾಠಿಯಲ್ಲಿ. ಅದರ ಕೆಳಗೆ ಮೊಮ್ಮಗನದು ಇಂಗ್ಲಿಷಿನಲ್ಲಿ, ಗೀಚಿದಂತೆ. ಹಣ ತೆಗೆಯಲು ಬಂದಾಗ ಆ ಮುದುಕರು ನನ್ನೊಡನೆ ಅಂದಿದ್ದರು: "ಸಾಹೇಬ್ರ, ಈ ಸಹಿ ನಮ್ಮಪ್ಪ ಉಸುಕಿನ ಮ್ಯಾಲ ಕೈ ಹಿಡದು ಕಲಿಸಿದ್ದು. ಇದರ ಹೊರತು ನನಗ ಬರಿಲಿಕ್ಕೆ ಬರಂಗಿಲ್ಲ." ಆಗ ನಾನು ನಕ್ಕು ಚಲನ್ ತುಂಬಿಕೊಟ್ಟಿದ್ದೆ. ಬೈಂಡಿನಲ್ಲಿದ್ದ ಇತರ ಕಾರ್ಡುಗಳಲ್ಲೂ ಇದೇ ಕ್ರಮ. ಹ್ಯೂಗೆನಾಟರಿಗೆ 66 ವರ್ಷ ಹಿಡಿದದ್ದು ಆ ಅಂಗೈಯಗಲದ ಕಾರ್ಡಿನ ಮೂರು ಗೆರೆಯಲ್ಲಿ ಇತ್ತು. ಓದಲು ನನಗೆ ಲಂಡನ್ನಿಗೆ ಹೋಗಬೇಕಾಯಿತು.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ನಮ್ಮ ಊರಿನಲ್ಲಿ ಕನ್ನಡ ಶಾಲೆ ಇತ್ತು. ನಾನು ಅಲ್ಲೇ ಕಲಿತವನು. ಆದರೆ ಮಗನನ್ನು ಅಲ್ಲಿಗೆ ಕಳಿಸಲಿಲ್ಲ. ನೌಕರಿಗೆ ಕಷ್ಟ ಆಗಬಾರದು ಎಂದು ಪಟ್ಟಣದ ಬೇರೆ ಮಾಧ್ಯಮದ ಶಾಲೆಗೆ ಹಾಕಿದೆ. ಯಾರೂ ನನ್ನನ್ನು ಒತ್ತಾಯಿಸಲಿಲ್ಲ. ಮರಾಠಿ ನನಗೆ ಭಾಕ್ರಿ ಕೊಟ್ಟ ಭಾಷೆ, ಅದರ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಹಾಗೆ ನೋಡಿದರೆ ನಮಗೂ ಆ ನೇಕಾರರಿಗೂ ದೊಡ್ಡ ಅಂತರ ಇದೆ. ಅವರು ಬೇರೆ ದೇಶಕ್ಕೆ ಓಡಿಹೋದವರು. ನಾವು ಎಲ್ಲಿಗೂ ಹೋದವರಲ್ಲ. 1956ರಲ್ಲಿ ರಾಜ್ಯಗಳನ್ನು ವಿಂಗಡಿಸಿ ಗೆರೆ ಎಳೆದಾಗ ನಾವು ನಮ್ಮ ಹೊಲದಲ್ಲೇ ಇದ್ದೆವು. ಅವರಿಗೆ ಬಿಟ್ಟು ಬೇರೆ ದಾರಿ ಇರಲಿಲ್ಲವೆನ್ನಬಹುದು. ನನಗೆ ದಾರಿ ಇತ್ತು, ಮನೆಯಿಂದ ನೂರು ಮಾರು ದೂರದಲ್ಲೇ ಇತ್ತು.

ಹಾಗಾದರೆ ಉಳಿಯುವುದೇ ಇಲ್ಲವೇ? ಉಳಿದ ಉದಾಹರಣೆಯೂ ಅದೇ ಪಟ್ಟಣದಲ್ಲಿದೆ. ಸೋಹೋ ಚೌಕದಲ್ಲಿ ಒಂದು ಫ್ರೆಂಚ್ ಪ್ರಾಟೆಸ್ಟಂಟ್ ಇಗರ್ಜಿ ಇದೆ. ಆ ಸಭೆಗೆ 1550ರಲ್ಲಿ ಆರನೆಯ ಎಡ್ವರ್ಡ್ ದೊರೆ ಸನ್ನದು ಕೊಟ್ಟದ್ದು. ಈಗಿನ ಕಟ್ಟಡ 1893ರದು. ಬ್ರಿಕ್ ಲೇನಿನ ದೊಡ್ಡ ಗುಡಿ ಹಲವು ಸಲ ಕೈ ಬದಲಾಯಿಸಿತು. ಸೋಹೋದ ಸಣ್ಣ ಸಭೆಯಲ್ಲಿ ಇಂದಿಗೂ ಫ್ರೆಂಚಿನಲ್ಲಿ ಪ್ರಾರ್ಥನೆ ನಡೆಯುತ್ತದೆ. ವಾರಕ್ಕೊಮ್ಮೆ ಬಂದು ಕೂಡುವ ಜನ ಇರುವುದರಿಂದ ಅದು ನಡೆಯುತ್ತದೆ.

ಲಂಡನ್ನಿನಲ್ಲಿ ನಮ್ಮದೂ ಒಂದು ಕಲ್ಲು ಇದೆ ಎಂಬುದು ನಿಮಗೆ ಗೊತ್ತಿರಲಿ. ಥೇಮ್ಸ್ ನದಿಯ ದಂಡೆಯಲ್ಲಿ, ಪಾರ್ಲಿಮೆಂಟಿನ ಆಚೆ ದಡದ ಲ್ಯಾಂಬೆತ್ ಭಾಗದಲ್ಲಿ ಬಸವಣ್ಣನವರ ಮೂರ್ತಿ ಇದೆ. ಅಲ್ಲಿ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಆದದ್ದು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ಒಂದು ಭಾನುವಾರ ಎಲ್ಲರೂ ಹೋದೆವು. ಸೊಸೆ ಕೈಮುಗಿದಳು. ನನ್ನ ಕಣ್ಣು ತುಂಬಿ ಬಂತು. ಮೊಮ್ಮಗ ಮೂರ್ತಿಯನ್ನು ನೋಡಿ, ಇವರು ಯಾವ ಭಾಷೆ ಆಡುತ್ತಿದ್ದರು ಎಂದು ಇಂಗ್ಲಿಷಿನಲ್ಲಿ ಕೇಳಿದ. ಮಗ ನನ್ನ ಮುಖ ನೋಡಿದ. ನಾನು, "ನಿನ್ನ ಭಾಷೆ" ಎಂದೆ. ಹುಡುಗ ನಂಬಲಿಲ್ಲ.

ಮರುದಿನದಿಂದ ನಮ್ಮ ನಡಿಗೆಗೆ ಅವನೂ ಬಂದ. ಶಾಲೆಯಿಂದ ಬರುವಾಗ ದಾರಿಯಲ್ಲಿ ಸಿಕ್ಕ ವಸ್ತುವಿಗೆ ಅವನು ಇಂಗ್ಲಿಷ್ ಹೆಸರು ಹೇಳಬೇಕು, ನಾನು ಕನ್ನಡ ಹೆಸರು ಹೇಳಬೇಕು. ನೇಕಾರರ ಮನೆಯ ಬಾಗಿಲಲ್ಲಿ ತೂಗುವುದಕ್ಕೆ ಅವನಿಗೆ ಇಂಗ್ಲಿಷಿನಲ್ಲೂ ಹೆಸರು ಗೊತ್ತಿರಲಿಲ್ಲ. ಕಂಡಿಕೆ ಎಂಬ ಮಾತೇ ಮೊದಲು ಬಂತು. ಮಗ ನಗುತ್ತ, "ಅಪ್ಪಾ, ದಿನಾ ಅದೇ ಓಣ್ಯಾಗ ಏನ್ ನೋಡ್ತೀರಿ?" ಎನ್ನುತ್ತಿದ್ದ. ನಾನು ಊರಿಗೆ ಮರಳುವ ಹೊತ್ತಿಗೆ ಹುಡುಗ ತನ್ನ ಹೆಸರನ್ನು ಕನ್ನಡದಲ್ಲಿ ಬರೆಯುತ್ತಿದ್ದ. ಒತ್ತಕ್ಷರ ಇನ್ನೂ ತಪ್ಪುತ್ತದೆ. ಈಗ ಪ್ರತಿ ಭಾನುವಾರ ಫೋನಿನಲ್ಲಿ ಹೊಸದೊಂದು ಶಬ್ದ ಕೇಳುತ್ತಾನೆ, ಒಮ್ಮೊಮ್ಮೆ ಮರೆಯುತ್ತಾನೆ. ಇದರಿಂದ ಅವನ ಮಗ ಕನ್ನಡ ಓದುತ್ತಾನೆಂದು ನಾನು ಬರೆದುಕೊಡಲಾರೆ. ಬ್ಯಾಂಕಿನವನು ಬರದ ಹಣವನ್ನು ಜಮಾ ತೋರಿಸಬಾರದು.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಈ ಕಾರ್ಯಕ್ರಮ ಮುಗಿದ ಮೇಲೆ ಮನೆಯ ಹಳೆಯ ಟ್ರಂಕು ತೆಗೆಯಿರಿ. ಅಜ್ಜನ ಕಾಲದ ಖರೀದಿ ಪತ್ರವೋ, ಸೊಸಾಯಿಟಿಯ ಪುಸ್ತಕವೋ, ಸಾಲದ ಕರಾರೋ ಇರುತ್ತದೆ. ಅದರ ಮೇಲಿನ ಸಹಿ ಯಾವ ಲಿಪಿಯಲ್ಲಿದೆ ನೋಡಿರಿ. ನಂತರ ನಿಮ್ಮ ಸಹಿ ನೋಡಿರಿ, ನಿಮ್ಮ ಮಗಳ, ಮಗನ ಸಹಿ ನೋಡಿರಿ. ಮೂರನ್ನೂ ಒಂದರ ಕೆಳಗೆ ಒಂದು ಇಟ್ಟರೆ ನಿಮ್ಮ ಮನೆಯ ಖಾತೆ ನಿಮಗೇ ತಿಳಿಯುತ್ತದೆ. ನಮ್ಮೂರ ಕನ್ನಡ ಶಾಲೆಯ ಬಾಗಿಲು ಇನ್ನೂ ಮುಚ್ಚಿಲ್ಲ. ಜೂನ್ ತಿಂಗಳಲ್ಲಿ ಒಂದನೆಯ ಇಯತ್ತೆಗೆ ಹೆಸರು ಬರೆದುಕೊಳ್ಳುತ್ತಾರೆ.